ಮಣೆಯ ಮೇಲೊಂದು ಕಾರ್ಡು, ಐವತ್ತು ನಿಮಿಷದ ದಿಗಿಲು

ಬೆಳಿಗ್ಗೆ ಐದೂವರೆ. ಬಸವಕಲ್ಯಾಣದ ತಹಶೀಲ್ ಕಚೇರಿ ಎದುರಿನ ಝೆರಾಕ್ಸ್ ಅಂಗಡಿಯ ಶಟರ್ ಅರ್ಧ ಮಾತ್ರ ಮೇಲೆದ್ದಿದೆ. ಬಗ್ಗಿ ಒಳಗೆ ಹೋದರೆ ಮೂಲೆಯ ಮೇಜಿನ ಮುಂದೆ ಆಮ್ರಪಾಲಿ ಕುಳಿತಿದ್ದಾರೆ. ಎದುರಿಗೆ ಒಂದು ಹಳೆಯ ಲ್ಯಾಪ್‌ಟಾಪ್. ಅದರ ಹೊಟ್ಟೆಯಿಂದ ಹೊರಬಂದ ಚಪ್ಪಟೆ ಕೇಬಲ್ ಪಕ್ಕದ ಮರದ ಮಣೆಯ ಮೇಲೆ ನಿಲ್ಲಿಸಿದ ಗ್ರಾಫಿಕ್ಸ್ ಕಾರ್ಡಿಗೆ ಸೇರಿದೆ. ಕಾರ್ಡಿನ ಎರಡು ಫ್ಯಾನು ಗುಯ್ಯೆನ್ನುತ್ತಿವೆ. ಪರದೆಯ ಮೇಲೆ ಕಾರೊಂದು ಯಾರೂ ಓಡಿಸದೆ ತಾನೇ ಓಡುತ್ತಿದೆ. ಆಮ್ರಪಾಲಿ ಕಾರನ್ನು ನೋಡುತ್ತಿಲ್ಲ. ಪರದೆಯ ಬಲಮೂಲೆಯ ಸಣ್ಣ ಅಂಕಿಯನ್ನು ನೋಡುತ್ತಿದ್ದಾರೆ. ಎಪ್ಪತ್ತೊಂದು, ಎಪ್ಪತ್ತೆರಡು, ಮತ್ತೆ ಎಪ್ಪತ್ತೊಂದು. ಅದು ಕಾರ್ಡಿನ ಬಿಸಿ.

“ಕುಂದ್ರಿ ಸರ್. ಇನ್ನ ಇಪ್ಪತ್ತು ನಿಮಿಷ ನಡಸಿ ಬಿಚ್ತೀನಿ. ಬ್ಯಾಸರ ಮಾಡ್ಕೋಬ್ಯಾಡ್ರಿ, ಇವತ್ತ ಮಾತಾಡಾಕ ಮನಸಿಲ್ಲ.”

ಮಾತು ಬೇಡ ಎಂದವರನ್ನು ಮಾತಾಡಿಸಿ ಪತ್ರಿಕೆಗೆ ಬರೆಯುವುದೇ ನನ್ನ ಹೊಟ್ಟೆಪಾಡು. ಆದರೂ ಸುಮ್ಮನೆ ಸ್ಟೂಲ್ ಎಳೆದುಕೊಂಡು ಕೂರುತ್ತೇನೆ. ಏಕೆಂದರೆ ಆಮ್ರಪಾಲಿಯವರ ಬಲಗಾಲು ಮೇಜಿನ ಕೆಳಗೆ ಒಂದೇ ಸಮನೆ ಅಲುಗಾಡುತ್ತಿದೆ. ಮಣೆಗೆ ತಾಗಬಾರದೆಂದು ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ಹಾಕಿಕೊಂಡೇ ಅಲುಗಾಡಿಸುತ್ತಿದ್ದಾರೆ.

ಇವರ ಕೆಲಸ ಏನೆಂದು ನನ್ನ ತಲೆಗೆ ಹತ್ತಿದಷ್ಟು ಹೇಳುತ್ತೇನೆ. ಕಂಪ್ಯೂಟರಿನಲ್ಲಿ ದೊಡ್ಡ ಆಟ ಆಡಬೇಕೆಂದರೆ ಚಿತ್ರಗಳು ಸರಸರ ಮೂಡಬೇಕು. ಅದಕ್ಕೆ ಗ್ರಾಫಿಕ್ಸ್ ಕಾರ್ಡಿಗೆ ಕಸುವು ಬೇಕು. ಅಗ್ಗದ ಲ್ಯಾಪ್‌ಟಾಪಿನಲ್ಲಿ ಆ ಕಸುವು ಇರುವುದಿಲ್ಲ, ಒಳಗಿನ ಚಿಪ್ಪನ್ನು ಕಿತ್ತು ಬೇರೆ ಕೂರಿಸೋಣವೆಂದರೆ ಅದು ಬೋರ್ಡಿಗೇ ಬೆಸೆದಿರುತ್ತದೆ. ಆಮ್ರಪಾಲಿ ಲ್ಯಾಪ್‌ಟಾಪಿನ ತಳ ಬಿಚ್ಚಿ, ವೈಫೈ ಕಾರ್ಡು ಕೂರುವ ಸಣ್ಣ ಜಾಗವನ್ನು ತೆರವು ಮಾಡಿ, ಅಲ್ಲಿಂದ ಕೇಬಲ್ ಹೊರಗೆಳೆದು, ದೊಡ್ಡ ಕಂಪ್ಯೂಟರಿಗೆ ಹಾಕುವ ಹಳೆಯ ಕಾರ್ಡೊಂದನ್ನು ಹೊರಗಿನಿಂದಲೇ ಜೋಡಿಸುತ್ತಾರೆ. ಕಾರ್ಡಿಗೆ ಬೇರೆಯದೇ ಕರೆಂಟಿನ ಡಬ್ಬಿ, ವೈಫೈ ಹೋದದ್ದಕ್ಕೆ ಇಂಟರ್ನೆಟ್ಟಿಗೆ ಬೇರೆ ತಂತಿ. ಎಲ್ಲವೂ ಒಂದು ಮಣೆಯ ಮೇಲೆ, ಬಯಲಿಗೆ. ಮೊದಲು ಸೆಕೆಂಡಿಗೆ ಇಪ್ಪತ್ತೆರಡು ಚಿತ್ರ ತೋರಿಸಿ ಏದುಸಿರು ಬಿಡುತ್ತಿದ್ದ ಈ ಲ್ಯಾಪ್‌ಟಾಪ್ ಈಗ ಎಪ್ಪತ್ತು ತೋರಿಸುತ್ತದೆ. ಮೂರು ವರ್ಷದಲ್ಲಿ ಇಂಥ ನಲವತ್ತೊಂದು ಮಣೆಗಳನ್ನು ಇವರು ಕಟ್ಟಿಕೊಟ್ಟಿದ್ದಾರೆ. ಇದು ಇಪ್ಪತ್ತೊಂಬತ್ತನೆಯದು, ಮತ್ತು ನಡುವೆ ಕೈಕೊಟ್ಟದ್ದು ಇದೊಂದೇ.

ಗೋರ್ಟಾ (ಬಿ) ಎಂಬ ಹಳ್ಳಿ ಇವರ ತವರು. ಅಪ್ಪ ಮಚ್ಚೇಂದ್ರ, ಅವ್ವ ಸುಗಂಧಾ, ಇಬ್ಬರೂ ಇಂದಿಗೂ ಬೇರೆಯವರ ಹೊಲದಲ್ಲಿ ತೊಗರಿ ಕೊಯ್ಯುವವರು. ಮಗಳು ಐಟಿಐ ಮುಗಿಸಿ ಪುಣೆಗೆ ಹೋಗಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿಯೊಂದರಲ್ಲಿ ನಾಲ್ಕು ವರ್ಷ ದುಡಿದರು. ಅಲ್ಲಿ ಹೆಂಗಸು ಎಂದು ಗಿರಾಕಿಗಳ ಮುಂದೆ ಕೂರಿಸುತ್ತಿರಲಿಲ್ಲವಂತೆ, ಹಿಂದಿನ ಕೋಣೆಯಲ್ಲಿ ಬೆಸುಗೆ ಹಾಕುವುದಷ್ಟೇ. ಹೊರಗಿನಿಂದ ಕಾರ್ಡು ಹಚ್ಚುವ ವಿದ್ಯೆಯನ್ನು ಅದೇ ಹಿಂದಿನ ಕೋಣೆಯಲ್ಲಿ, ಎಸೆಯಲು ಇಟ್ಟ ಸಾಮಾನುಗಳ ಮೇಲೆ ಕೈಯಾಡಿಸಿ ಕಲಿತರು. ಊರಿಗೆ ಮರಳಿ ರಾಜೇಶ್ವರದ ಸಂಘರತ್ನರನ್ನು ಮದುವೆಯಾದರು. ಗಂಡ ಟಂಟಂ ಆಟೋ ಓಡಿಸುತ್ತಾರೆ. ಇವರು ಮಹಾರುದ್ರಪ್ಪನವರ ಝೆರಾಕ್ಸ್ ಅಂಗಡಿಯ ಈ ಮೂಲೆ ಹಿಡಿದಿದ್ದಾರೆ.

ದಿನಕ್ಕೆ ಆರೇಳು ರಿಪೇರಿ ಬರುತ್ತವೆ. ಕೀಬೋರ್ಡು, ಚಾರ್ಜಿಂಗ್ ಪಿನ್ನು, ಚಹಾ ಚೆಲ್ಲಿದ ಲ್ಯಾಪ್‌ಟಾಪು. ಪಹಣಿ ಝೆರಾಕ್ಸಿಗೆ ಬಂದವರು ಇವರನ್ನು ಅರ್ಜಿ ಬರೆದುಕೊಡುವವರೆಂದು ತಿಳಿದು ಆಧಾರ್ ಕಾರ್ಡು ಮುಂದೆ ಹಿಡಿಯುತ್ತಾರೆ. ಮೇಜಿಗೆ ಒಂದು ಬೋರ್ಡೂ ಇಲ್ಲ. ಬೋರ್ಡು ಯಾಕಿಲ್ಲ ಎಂದರೆ ಮಹಾರುದ್ರಪ್ಪನವರು, ಆಕಿ ಹೆಸರು ಕೇಳಿಕೊಂಡೇ ಜನ ಬರುತ್ತಾರಲ್ಲ ಎನ್ನುತ್ತಾರೆ. ನಿಜವೇ. ಆದರೆ ಜನವರಿಯಿಂದ ಈಚೆಗೆ ಹೆಸರು ಕೇಳಿಕೊಂಡು ಬರುವವರು ಕಡಿಮೆಯಾಗಿದ್ದಾರೆ.

ಜನವರಿಯಲ್ಲಿ ಆದದ್ದು ಇಷ್ಟು. ಈ ಮಣೆ ಹುಮನಾಬಾದಿನ ಸ್ನೇಹಲ್ ಎಂಬ ಹುಡುಗಿಯದು. ಬಿ.ಕಾಂ ಕೊನೆಯ ವರ್ಷ, ಅಪ್ಪ ಶರಣಕುಮಾರ ಕಿರಾಣಿ ವ್ಯಾಪಾರಿ. ಸ್ನೇಹಲ್ ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುತ್ತಾಳೆ. ಆಡುತ್ತಾಳೆ ಎಂದರೆ ಸುಮ್ಮನಲ್ಲ, ರಾಜ್ಯ ಮಟ್ಟದ ಆನ್‌ಲೈನ್ ಪಂದ್ಯದ ಅರ್ಹತಾ ಸುತ್ತಿಗೆ ಬಂದಿದ್ದಳು. ಆರು ರೇಸು, ಐವತ್ತು ನಿಮಿಷ, ಅರವತ್ತನಾಲ್ಕು ಮಂದಿ, ಅವರಲ್ಲಿ ಮೊದಲ ಹದಿನಾರು ಮಂದಿ ಮುಂದಕ್ಕೆ. ಮೂರನೇ ರೇಸಿನಲ್ಲಿ ಅವಳು ನಾಲ್ಕನೇ ಜಾಗದಲ್ಲಿದ್ದಾಗ ಪರದೆ ಕಪ್ಪಾಯಿತು. ಮತ್ತೆ ಚಾಲೂ ಮಾಡುವಷ್ಟರಲ್ಲಿ ಅವಳನ್ನು ಹೊರಗೆ ಹಾಕಿದ್ದರು. ನೋಡಲು ಬಂದಿದ್ದ ಓಣಿಯ ಜನರ ಮುಂದೆ ಹುಡುಗಿ ಗೋಳೋ ಎಂದು ಅತ್ತಳಂತೆ. ಮರುದಿನದಿಂದ ಹುಮನಾಬಾದ್, ಬಸವಕಲ್ಯಾಣ ಎರಡೂ ಕಡೆ ಒಂದೇ ಮಾತು, ಆಮ್ರಪಾಲಿ ಹಚ್ಚಿದ್ದು ನಡುವೆಯೇ ಕೈಕೊಡುತ್ತದೆ ಎಂದು. ಮಣೆ ಬೇಕೆಂದಿದ್ದ ಮೂವರು ಬೇಡವೆಂದರು.

ಬೈದರೆ ಬೈಸಿಕೊಳ್ಳಬಹುದು. ಆಮ್ರಪಾಲಿಯವರ ಸಂಕಟ ಬೇರೆ. ಯಂತ್ರ ಯಾಕೆ ನಿಂತಿತು ಎಂಬುದು ಅವರಿಗೆ ಇವತ್ತಿಗೂ ಸಿಕ್ಕಿಲ್ಲ. ಕೇಬಲ್ ಬದಲಿಸಿದರು. ಕರೆಂಟಿನ ಡಬ್ಬಿ ಬದಲಿಸಿದರು. ಕರೆಂಟು ಹೋದರೂ ನಡೆಯಲೆಂದು ಯುಪಿಎಸ್ ಜೋಡಿಸಿದರು. ಬಿಸಿಯಾಗಿ ನಿಂತಿರಬಹುದೇ ಎಂದು ಒಂದು ಗಳಿಗೆ ಅನುಮಾನಿಸಿ, ಜನವರಿಯ ಚಳಿಯಲ್ಲಿ ಎಲ್ಲಿಯ ಬಿಸಿ ಎಂದು ಬಿಟ್ಟರು. ಈ ಮೇಜಿನ ಮೇಲೆ ಏಳು ಸಲ, ಸಲಕ್ಕೆ ಎರಡೆರಡು ತಾಸು ಓಡಿಸಿ ನೋಡಿದ್ದಾರೆ. ಒಮ್ಮೆಯೂ ನಿಂತಿಲ್ಲ.

“ಒಂದ್ ಸಲ ನನ್ನ ಮುಂದ ಬಂದ್ ಬಿದ್ದಿತ್ತಂದ್ರ ಛಲೋ ಇತ್ತು ಸರ್. ತಪ್ಪು ಸಿಕ್ತಿತ್ತು. ಇದು ನನ್ನ ಮುಂದ ಶ್ಯಾಣ್ಯಾ ಆಗಿ ಕುಂದ್ರತದ, ಅಲ್ಲಿ ಹೋಗಿ ಮಾನ ಕಳೀತದ.”

ಇವತ್ತು ಭಾನುವಾರ. ಹನ್ನೊಂದು ಗಂಟೆಗೆ ಅದೇ ಪಂದ್ಯದ ಎರಡನೇ ಅರ್ಹತಾ ಸುತ್ತು. ಇದೊಂದು ಸಲ ಎಂದು ಶರಣಕುಮಾರ ಒಪ್ಪಿದ್ದಾರೆ. ಮತ್ತೆ ನಿಂತರೆ ಆ ಮಣೆಯನ್ನು ಮನೆಯಲ್ಲಿ ಇಡುವುದಿಲ್ಲ, ಆಟವೂ ಬಂದ್ ಎಂದು ಕಡ್ಡಿ ಮುರಿದಂತೆ ಹೇಳಿದ್ದಾರೆ. ಐವತ್ತು ನಿಮಿಷ ಈ ಯಂತ್ರ ನಡೆಯಬೇಕು. ಅಷ್ಟೇ. ಆಮ್ರಪಾಲಿ ಈ ಸಲ ತಾವೂ ಜೊತೆಯಲ್ಲಿ ಹೋಗುತ್ತಿದ್ದಾರೆ.

ಏಳು ಗಂಟೆಯ ಬಸ್ಸು. ಸಂಘರತ್ನ ಟಂಟಂನಲ್ಲಿ ನಿಲ್ದಾಣಕ್ಕೆ ಬಿಟ್ಟು, ಫಿಕರ್ ಮಾಡಬೇಡ ಎಂದು ಎರಡು ಸಲ ಹೇಳಿ, ಮೂರನೇ ಸಲ ತಾವೇ ಫಿಕರ್ ಮಾಡಿದ ಮುಖದಲ್ಲಿ ನಿಲ್ಲುತ್ತಾರೆ. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ. ಮಣೆ ಮಾತ್ರ ಆಮ್ರಪಾಲಿಯವರ ತೊಡೆಯ ಮೇಲೆ, ಕೂಸಿನ ಹಾಗೆ ಎರಡೂ ಕೈ ಅಡ್ಡ. ಹೆದ್ದಾರಿಯ ಪ್ರತಿ ಉಬ್ಬಿಗೂ ಅವರು ಸೀಟಿನಿಂದ ಒಂದು ಗೇಣು ಮೇಲೆದ್ದು ಮಣೆಯನ್ನು ಗಾಳಿಯಲ್ಲಿ ಹಿಡಿಯುತ್ತಾರೆ. ರಾಜೇಶ್ವರದಲ್ಲಿ ಹತ್ತಿದ ಸುಂದರಬಾಯಿ ಎಂಬ ಅಜ್ಜಿ, ಇದೇನವ್ವ, ಮಿಕ್ಸರ್ ಏನು ಎಂದು ವಿಚಾರಿಸುತ್ತಾರೆ. ಹೌದ್ರಿ ಆಯಿ ಎಂದುಬಿಡುತ್ತಾರೆ ಆಮ್ರಪಾಲಿ. ವಿವರಿಸುವ ತ್ರಾಣ ಇಲ್ಲ. ಅಜ್ಜಿ ಹುಮನಾಬಾದ್ ಬರುವವರೆಗೂ ತಮ್ಮ ಮಿಕ್ಸರ್ ಕೆಟ್ಟ ಕತೆ ಹೇಳುತ್ತಾರೆ.

ಶರಣಕುಮಾರರ ಮನೆ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ. ಪಡಸಾಲೆಗೆ ಕಾಲಿಟ್ಟೊಡನೆ ನನ್ನ ಕಣ್ಣಿಗೆ ಬಿದ್ದದ್ದು ಗವಸಣಿಗೆಗಳು, ಬಟ್ಟೆಯ ಹೊದಿಕೆಗಳು. ಟಿವಿಗೆ ಗವಸಣಿಗೆ, ಹೊಲಿಗೆ ಯಂತ್ರಕ್ಕೆ ಗವಸಣಿಗೆ, ಫ್ರಿಜ್ಜಿನ ನೆತ್ತಿಗೆ, ಮಿಕ್ಸರಿಗೆ, ಕೊನೆಗೆ ರಿಮೋಟಿಗೂ ಒಂದು ಪುಟ್ಟ ಅಂಗಿ. ಎಲ್ಲವೂ ಸ್ನೇಹಲ್‌ಳ ಅಜ್ಜಿ ಕಸ್ತೂರಿಬಾಯಿಯವರ ಕೈಕೆಲಸ. ಎಪ್ಪತ್ತನಾಲ್ಕರ ವಯಸ್ಸು, ಹಣೆಯಲ್ಲಿ ವಿಭೂತಿ, ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಡವಂತೆ. ಸಾಮಾನು ಬಾಳಿಕೆ ಬರಬೇಕಾದರೆ ಧೂಳೂ ತಾಗಬಾರದು, ಮಂದಿಯ ಕಣ್ಣೂ ತಾಗಬಾರದು ಎನ್ನುವುದು ಅವರ ನೇಮ.

ಆಮ್ರಪಾಲಿ ಸ್ನೇಹಲ್‌ಳ ಕೋಣೆಯಲ್ಲಿ ಮಣೆಯನ್ನು ಅವಳ ಕುರ್ಚಿಯ ಹಿಂದಿನ ಸ್ಟೂಲಿನ ಮೇಲೆ ಇಟ್ಟು, ಪಿನ್ನುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಾರೆ. ಮೊದಲು ಕಾರ್ಡಿನ ಕರೆಂಟು, ಆಮೇಲೆ ಲ್ಯಾಪ್‌ಟಾಪು. ಉಲ್ಟಾ ಆದರೆ ಲ್ಯಾಪ್‌ಟಾಪಿಗೆ ಕಾರ್ಡು ಕಾಣುವುದೇ ಇಲ್ಲ. ನಡೆಯುತ್ತಿರುವಾಗ ಕೇಬಲ್ ಮಿಸುಕಿದರೂ ಕತೆ ಮುಗಿಯಿತು. ದೊಡ್ಡ ಮಾನಿಟರಿನ ಮೂಲೆಯಲ್ಲಿ ಬಿಸಿಯ ಅಂಕಿ ಮೂಡುತ್ತದೆ. ಏಪ್ರಿಲ್ ಬಿಸಿಲಿಗೆ ಇಲ್ಲಿ ಎಪ್ಪತ್ತನಾಲ್ಕು. ತೊಂಬತ್ತರ ಹತ್ತಿರ ಹೋದರೆ ಕಾರ್ಡು ತಾನಾಗಿ ಬಂದ್ ಬೀಳುತ್ತದೆ ಎಂದು ಆಮ್ರಪಾಲಿ ನನಗೆ ತಿಳಿಸುತ್ತಾರೆ. ಎಪ್ಪತ್ತನಾಲ್ಕಕ್ಕೆ ಭಯವಿಲ್ಲವಲ್ಲ ಎಂದರೆ ಫ್ಯಾನುಗಳ ಮುಂದೆ ಅಂಗೈ ಹಿಡಿದು ಗಾಳಿ ನೋಡುತ್ತಾರೆ.

ಹನ್ನೊಂದು. ಸ್ನೇಹಲ್ ಕಿವಿಗೆ ಹೆಡ್‌ಫೋನ್ ಏರಿಸಿ, ಕೈಯನ್ನು ಓಢಣಿಗೆ ಒರೆಸಿಕೊಂಡು ಕೂರುತ್ತಾಳೆ. ಮೊದಲ ರೇಸು ಹತ್ತನೇ ಜಾಗ. ಎರಡನೆಯದು ಹನ್ನೆರಡು. ಆಮ್ರಪಾಲಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಅಂಕಿಯನ್ನೇ ನೋಡುತ್ತಾ ಸೆರಗಿನ ತುದಿ ಕಚ್ಚುತ್ತಿದ್ದಾರೆ. ಮೂರನೇ ರೇಸು ಶುರುವಾಗುವಾಗ ಅವರಿಂದ ಆಗುವುದಿಲ್ಲ. ಜನವರಿಯಲ್ಲಿ ನಿಂತದ್ದು ಮೂರನೆಯದರಲ್ಲಿ. ಜರಾ ನೀರು ಕುಡಿದು ಬರುತ್ತೇನೆ ಎಂದು ಅಡುಗೆಮನೆಯ ಕಡೆ ಹೋಗುತ್ತಾರೆ.

ಅಷ್ಟರಲ್ಲಿ ಓಣಿಯ ನಾಲ್ಕಾರು ಹೆಂಗಸರು, ಅವರ ಹಿಂದೆ ಶರಣಕುಮಾರರ ಪರಿಚಯದ ಅಂಗಡಿಕಾರ ಹುಸೇನರು, ಎಲ್ಲಿಗೆ ಬಂತು ಪಂದ್ಯ ಎಂದು ಕೋಣೆಗೆ ಬರುತ್ತಾರೆ. ಅವರ ಬೆನ್ನಿಗೇ ಕಸ್ತೂರಿಬಾಯಿ. ಕೈಯಲ್ಲಿ ಮಡಚಿದ ಬಟ್ಟೆ. ಹಳೆಯ ಪತ್ತಲ ಸೀರೆಯ ಎರಡು ಪದರಕ್ಕೆ ಹತ್ತಿ ಹಾಸಿ, ಕೌದಿಯ ಹಾಗೆ ಸಣ್ಣ ಸಣ್ಣ ಹೊಲಿಗೆ ಹಾಕಿದ ಗವಸಣಿಗೆ, ಅಂಚಿಗೆ ಕೆಂಪು ಪಟ್ಟಿ. ಬಂದವರಿಗೆ ಕುರ್ಚಿ ತೋರಿಸುತ್ತಲೇ ಅದನ್ನು ಬಿಡಿಸಿ ಮಣೆಯ ಮೇಲೆ ಹೊಚ್ಚಿ, ಮೂಲೆಗಳನ್ನು ಎಳೆದು ಸರಿಮಾಡುತ್ತಾರೆ. ಸ್ನೇಹಲ್‌ಳ ಬೆನ್ನು ಈ ಕಡೆ, ಕಿವಿ ಮುಚ್ಚಿದೆ. ನಾನು ನೋಡುತ್ತಿದ್ದೇನೆ. ಎಂಥ ಚೆಂದದ ಹೊಲಿಗೆ, ಎಷ್ಟು ಅಕ್ಕರೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಎರಡು ನಿಮಿಷ ಕಳೆದಿರಬಹುದು. ಫ್ಯಾನಿನ ಸದ್ದು ದಪ್ಪವಾಗುತ್ತದೆ. ಮೂಲೆಯ ಅಂಕಿ ಎಪ್ಪತ್ತೊಂಬತ್ತು. ನಾನು ಅಂಕಿ ನೋಡುತ್ತೇನೆ, ಬಟ್ಟೆ ನೋಡುತ್ತೇನೆ, ಎರಡನ್ನೂ ಸೇರಿಸಿ ನೋಡುವುದು ಹೊಳೆಯುವುದಿಲ್ಲ. ಎಂಬತ್ತೆರಡು. ಆಮ್ರಪಾಲಿಯವರನ್ನು ಕರೆಯಲೇ ಎಂದು ಏಳುವಷ್ಟರಲ್ಲಿ ಅವರೇ ಬಾಗಿಲಲ್ಲಿದ್ದಾರೆ. ಸದ್ದು ಕೇಳಿಯೇ ಬಂದಿದ್ದಾರೆ. ಎಂಬತ್ತೈದು ಎಂದು ತೋರಿಸುವ ಪರದೆಯನ್ನು ಒಮ್ಮೆ ನೋಡಿ, ಸ್ಟೂಲಿನ ಕಡೆ ತಿರುಗಿ, ಅಲ್ಲೇ ನಿಂತುಬಿಡುತ್ತಾರೆ.

ಓಡಿ ಬಂದು ಬಟ್ಟೆ ಕಿತ್ತೆಸೆಯುತ್ತಾರೆ ಎಂದುಕೊಂಡೆ. ಇಲ್ಲ. ಕಿತ್ತರೆ ಕೇಬಲ್ ಮಿಸುಕೀತು. ಮಂಡಿಯೂರಿ ಕುಳಿತು, ಎರಡೂ ಕೈಯ ಎರಡೆರಡು ಬೆರಳಲ್ಲಿ ಅಂಚು ಹಿಡಿದು, ಮಲಗಿದ ಕೂಸಿನ ಮೇಲಿನ ಹೊದಿಕೆ ತೆಗೆಯುವಷ್ಟು ನಿಧಾನ ಮೇಲೆತ್ತುತ್ತಾರೆ. ಕೆಂಪು ಪಟ್ಟಿಯ ಒಂದು ಎಳೆ ಕಾರ್ಡಿನ ಮೂಲೆಗೆ ಸಿಕ್ಕಿದೆ. ಎಂಬತ್ತೇಳು. ಬಾಗಿ ಹಲ್ಲಿನಿಂದ ಎಳೆ ಕಡಿಯುತ್ತಾರೆ. ಬಟ್ಟೆ ಬಿಡುತ್ತದೆ. ಎಂಬತ್ತೇಳು, ಎಂಬತ್ತೇಳು, ಎಂಬತ್ತೈದು. ಪರದೆಯ ಮೇಲೆ ಕಾರು ಓಡುತ್ತಲೇ ಇದೆ. ಸ್ನೇಹಲ್‌ಗೆ ಏನೂ ಗೊತ್ತಿಲ್ಲ, ತಿರುವಿನಲ್ಲಿ ಯಾರನ್ನೋ ಹಿಂದೆ ಹಾಕುತ್ತಿದ್ದಾಳೆ.

ಆಮ್ರಪಾಲಿ ಬೆಚ್ಚಗಿನ ಬಟ್ಟೆಯನ್ನು ಮಡಚಿ ಕಸ್ತೂರಿಬಾಯಿಯವರ ಕೈಗಿಡುತ್ತಾರೆ. ಆ ಬಿಸಿ ಕೈಗೆ ತಾಗಿದಾಗಲೇ ಅಜ್ಜಿಗೆ ಎಲ್ಲ ತಿಳಿದುಹೋಯಿತು ಎಂದು ನನಗನಿಸುತ್ತದೆ. ಅವರು ಆಮ್ರಪಾಲಿಯವರ ತೋಳು ಹಿಡಿದು ಅಡುಗೆಮನೆಗೆ ಕರೆದೊಯ್ಯುತ್ತಾರೆ. ನಾನೂ ನಾಚಿಕೆ ಬಿಟ್ಟು ಹಿಂದೆ ಹೋಗುತ್ತೇನೆ.

“ಜನವರ್ಯಾಗೂ ನಾನss ಹೊಚ್ಚಿದ್ದೆ ತಂಗಿ. ಮಂದಿ ಭಾಳ ಬಂದಿತ್ತು, ದೃಷ್ಟಿ ಆದೀತು ಅಂತ ಹೊಚ್ಚಿದ್ದೆ. ಬಂದ್ ಬಿದ್ದು ಹುಡುಗಿ ಅಳಾಕತ್ತಿದ್ಲು, ಆ ಗದ್ದಲದಾಗ ತೆಗದು ಟ್ರಂಕಿನ್ಯಾಗ ಇಟ್ಟೆ. ಇದಕ್ಕೂ ಅದಕ್ಕೂ ಸಂಬಂಧ ಅದ ಅಂತ ನನಗ ಹ್ಯಾಂಗ ಗೊತ್ತಾಗಬೇಕು?”

ಆಡದೆ ಇರುವಾಗ ಧೂಳಿಗೆಂದು ಹೊಚ್ಚುವುದು, ಆಡುವಾಗ ಸ್ನೇಹಲ್ ತೆಗೆಯುವುದು ಆ ಮನೆಯ ರೂಢಿ. ಆ ದಿನ ಮಾತ್ರ ತೆಗೆದದ್ದನ್ನು ಅಜ್ಜಿ ಮತ್ತೆ ಹೊಚ್ಚಿದ್ದರು. ಚಳಿಗಾಲದಲ್ಲಿ ಕಾರ್ಡು ಕೌದಿ ಹೊದ್ದುಕೊಂಡು ಬೆಂದುಹೋಗಿತ್ತು. ಮೂರು ತಿಂಗಳು ಆಮ್ರಪಾಲಿ ಹುಡುಕಿದ ತಪ್ಪು ಈ ಮನೆಯ ಟ್ರಂಕಿನಲ್ಲಿ ಮಡಚಿ ಕುಳಿತಿತ್ತು. ಬಸವಕಲ್ಯಾಣದ ಮೇಜಿನ ಮೇಲೆ ಅದು ಸಿಗುವುದಾದರೂ ಎಲ್ಲಿಂದ?

ನಾನಾಗಿದ್ದರೆ ಕೂಗಾಡುತ್ತಿದ್ದೆ. ಹೋದ ಹೆಸರು, ಹೋದ ಗಿರಾಕಿ ಎಲ್ಲವನ್ನೂ ಅಜ್ಜಿಯ ಮುಂದೆ ಸುರಿಯುತ್ತಿದ್ದೆ. ಆಮ್ರಪಾಲಿ ಕಟ್ಟೆಗೆ ಒರಗಿ ಒಂದು ಲೋಟ ನೀರು ಕುಡಿಯುತ್ತಾರೆ.

“ತಪ್ಪು ನಂದss ಅದ ಆಯಿ. ಆಡೋ ಹುಡುಗಿಗಿ ಎಲ್ಲಾ ಹೇಳಿದ್ದೆ, ಮನೀ ನಡಸೋರಿಗಿ ಏನೂ ಹೇಳಲಿಲ್ಲ. ನೀವು ಯಾರ ಮುಂದೂ ಅನ್ನಾಕ ಹೋಗಬ್ಯಾಡ್ರಿ. ನನಗ ಅನಿಸ್ಕೊಂಡು ರೂಢಿ ಆಗ್ಯದ.”

ಹಾಗೆಂದವರೇ ಮತ್ತೆ ಕೋಣೆಗೆ ಹೋಗಿ, ಸ್ಟೂಲಿನ ಪಕ್ಕ ನೆಲದ ಮೇಲೆ ಕೂರುತ್ತಾರೆ. ಈ ಸಲ ಏಳುವುದಿಲ್ಲ. ಕಾರಣ ಸಿಕ್ಕಿತಲ್ಲ, ಇನ್ನು ನಿಶ್ಚಿಂತೆ ಎಂದುಕೊಂಡರೆ ಆ ಮುಖದಲ್ಲಿ ನಿಶ್ಚಿಂತೆ ಇಲ್ಲ. ಅಷ್ಟು ಕಾದ ಕಾರ್ಡು ಉಳಿದ ಅರ್ಧ ತಾಸು ತಾಳುತ್ತದೆಯೇ? ನಾಲ್ಕನೇ ರೇಸು, ಎಪ್ಪತ್ತಾರು. ಐದನೆಯದು, ಎಪ್ಪತ್ತೈದು. ಒಮ್ಮೆ ಮನೆಯ ಕರೆಂಟು ಹೋಗಿ ಯುಪಿಎಸ್ ಕೀ ಎನ್ನುತ್ತದೆ, ಅರ್ಧ ನಿಮಿಷಕ್ಕೆ ಕರೆಂಟು ಬರುತ್ತದೆ. ಶರಣಕುಮಾರ ಅಂಗಡಿಯಿಂದ ಬಂದು ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಾರೆ. ಕಸ್ತೂರಿಬಾಯಿ ಗವಸಣಿಗೆಯನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಒರಗಿದ್ದಾರೆ. ಆರನೇ ರೇಸು ಮುಗಿಯುವಾಗ ಹನ್ನೊಂದು ಐವತ್ತೆರಡು.

ಪಟ್ಟಿ ಬರುತ್ತದೆ. ಸ್ನೇಹಲ್ ಹದಿನೆಂಟನೆಯವಳು. ಹದಿನಾರರವರೆಗೆ ಮಾತ್ರ ಮುಂದಕ್ಕೆ.

ಶರಣಕುಮಾರ ಗಂಟಲು ಸರಿಮಾಡಿಕೊಂಡು, ತಾವು ಬರುವ ಮುಂಚೆ ಮತ್ತೆ ಬಂದ್ ಬಿತ್ತೇನು ಎಂದು ಆಮ್ರಪಾಲಿಯವರನ್ನೇ ಕೇಳುತ್ತಾರೆ. ಅವರು ಬಾಯಿ ತೆರೆಯುವ ಮುಂಚೆ ಕಸ್ತೂರಿಬಾಯಿ ಮುಂದೆ ಬಂದು, ಓಣಿಯ ಹೆಂಗಸರು, ಹುಸೇನರು ಎಲ್ಲರ ಎದುರಿಗೇ ಗವಸಣಿಗೆಯನ್ನು ಮಗನ ಕೈಗೆ ಹಾಕುತ್ತಾರೆ.

“ಆಕಿನ್ನ ಏನೂ ಕೇಳಬ್ಯಾಡ. ಆವತ್ತ ಬಂದ್ ಮಾಡಿದಾಕಿ ನಾನು, ಇದನ್ನ ಹೊಚ್ಚಿ. ಇವತ್ತೂ ಮಾಡ್ತಿದ್ದೆ, ಈ ತಂಗಿ ಉಳಿಸ್ಯಾಳ.” ಆಮೇಲೆ ನನ್ನ ಕಡೆ ತಿರುಗಿ, “ನೀವೂ ಹಂಗss ಬರೀರಿ ಸಾಹೇಬ್ರ. ನನ್ನ ಹೆಸರ ಹಾಕಿ ಬರೀರಿ.”

ಅದಕ್ಕೇ ಬರೆದಿದ್ದೇನೆ.

ಸ್ನೇಹಲ್ ಹೆಡ್‌ಫೋನ್ ತೆಗೆದು ಅಜ್ಜಿಯನ್ನು ನೋಡುತ್ತಾಳೆ, ಹಿಂದೆ ತಿರುಗಿ ಮಣೆಯನ್ನು ನೋಡುತ್ತಾಳೆ. ಫ್ಯಾನುಗಳು ಇನ್ನೂ ತಿರುಗುತ್ತಿವೆ. ಕಣ್ಣು ತುಂಬಿದೆ, ಆದರೆ ತುಟಿಯಲ್ಲಿ ನಗು ಬಂದುಬಿಟ್ಟಿದೆ. ನಾಲ್ಕನೇ ರೇಸಿನ ಕೊನೆಯ ತಿರುವಿನಲ್ಲಿ ಅವಸರ ಮಾಡಿದೆ, ಅಲ್ಲೇ ಹೋಯಿತು ಎಂದು ತಾನೇ ಹೇಳಿಕೊಳ್ಳುತ್ತಾಳೆ.

“ಅಕ್ಕಾ, ಈ ಸಲ ಸೋತಾಕಿ ನಾನು.”

ಶರಣಕುಮಾರ ಬಟ್ಟೆಯನ್ನು ಅತ್ತಿತ್ತ ತಿರುಗಿಸಿ ನೋಡಿ, ಮುಂದಿನ ಪಂದ್ಯ ಯಾವಾಗ ಎಂದು ಕೇಳುತ್ತಾರೆ. ಅಕ್ಟೋಬರಿನಲ್ಲಿ ಎನ್ನುತ್ತಾಳೆ ಮಗಳು. ಹಾಗಾದರೆ ಅಲ್ಲಿತನಕ ಇರಲಿ ಎಂದು ಅಂಗಡಿಗೆ ಹೊರಡುತ್ತಾರೆ. ಉಣ್ಣದೆ ಹೋಗಬಾರದು ಎಂದು ಕಸ್ತೂರಿಬಾಯಿ ನಮ್ಮಿಬ್ಬರನ್ನೂ ಅಡುಗೆಮನೆಯಲ್ಲೇ ಕೂರಿಸಿ ರೊಟ್ಟಿ ಬಡಿಸುತ್ತಾರೆ. ಬಡಿಸುತ್ತಾ, ಇದಕ್ಕೆ ಗಾಳಿ ಎಲ್ಲೆಲ್ಲಿ ಬೇಕು ತೋರಿಸು ತಂಗಿ, ಜಾಳಿಗೆ ಹಚ್ಚಿ ಬೇರೆ ಹೊಲಿಯುತ್ತೇನೆ ಎಂದು ದುಂಬಾಲು ಬೀಳುತ್ತಾರೆ. ನಡೆಯುವಾಗ ಜಾಳಿಗೆಯೂ ಬೇಡ ಎಂದು ಒಪ್ಪಿಸಲು ಆಮ್ರಪಾಲಿಗೆ ಎರಡು ರೊಟ್ಟಿ ಮುಗಿಯುವಷ್ಟು ಹೊತ್ತು ಹಿಡಿಯುತ್ತದೆ.

ಮರಳುವ ಬಸ್ಸಿನಲ್ಲಿ ಅವರ ತೊಡೆ ಖಾಲಿ. ಆದರೂ ಉಬ್ಬು ಬಂದಾಗ ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ, ಹೋದದ್ದು ನೋಡಿ ತಾವೇ ನಗುತ್ತಾರೆ. ನಾಳೆಯಿಂದ ಮಣೆ ಕೊಡುವಾಗ ಮನೆಯ ಹಿರಿಯ ಹೆಂಗಸನ್ನು ಕರೆದುಕೊಂಡು ಬರಲು ಹೇಳುತ್ತಾರಂತೆ, ಅವರ ಕೈಯಿಂದಲೇ ಸ್ವಿಚ್ ಹಾಕಿಸುತ್ತಾರಂತೆ. ರಾಜೇಶ್ವರ ದಾಟಿದ ಮೇಲೆ, ಮುಂದೇನು ಆಸೆ ಎಂದು ನಮ್ಮ ಕಸುಬಿನ ಮಾಮೂಲಿ ಪ್ರಶ್ನೆ ಕೇಳುತ್ತೇನೆ. ದೊಡ್ಡ ಅಂಗಡಿ, ಬೋರ್ಡು, ಏನಾದರೂ ಹೇಳಿಯಾರು ಎಂದು ಪೆನ್ನು ತೆಗೆಯುತ್ತೇನೆ. ಅವರು ಪೆನ್ನನ್ನು ನೋಡಿ ತಲೆ ಅಲ್ಲಾಡಿಸುತ್ತಾರೆ.

“ಹುಡುಗಿ ಗೆಲ್ಲಬೇಕಿತ್ತು ಸರ್. ಆದ್ರ ನಾಳಿ ಯಾರರ ಕೇಳಿದ್ರ, ಮಷೀನ್ ನಿಂತು ಸೋತಳು ಅನ್ನಬಾರದು. ಆಡಿ ಸೋತಳು ಅನ್ನಬೇಕು. ಅಷ್ಟಂದ್ರ ಸಾಕ್ರಿ ನನಗ.”